ಓಟನ್ನು ನಂಬಿದ ಬ್ರಾಂಟಿಂಗ್

ಹತ್ತೊಂಬತ್ತನೆಯ ಶತಮಾನದ ಸ್ವೀಡನ್ನಿನಲ್ಲಿ ಊರಾಡಳಿತದ ಚುನಾವಣೆಗಳು ನಡೆಯುತ್ತಿದ್ದ ಕ್ರಮವನ್ನು ಕೇಳಿದರೆ ಇಂದಿನ ವಿದ್ಯಾರ್ಥಿಗೆ ನಗು ಬಂದೀತು. ಒಬ್ಬನಿಗೆ ಒಂದು ಓಟು ಎಂಬ ಲೆಕ್ಕವೇ ಅಲ್ಲಿರಲಿಲ್ಲ. ಯಾರು ಎಷ್ಟು ತೆರಿಗೆ ಕೊಡುವರೋ ಅದಕ್ಕೆ ತಕ್ಕಷ್ಟು ಓಟು. ಜಮೀನ್ದಾರನಿಗೆ ನೂರಾರು, ಕಾರ್ಖಾನೆಯ ಒಡೆಯನಿಗೆ ಅದಕ್ಕೂ ಹೆಚ್ಚು. ಜೀವವಿಲ್ಲದ ಕಂಪೆನಿಗಳಿಗೂ ಓಟು ಉಂಟು. ಆ ಕಂಪೆನಿಯಲ್ಲಿ ಜೀವ ತೇಯುವ ಕೂಲಿಗೆ ಇಲ್ಲ. 1871ರ ಲೆಕ್ಕದಂತೆ 54 ಗ್ರಾಮಾಡಳಿತಗಳಲ್ಲಿ ಒಬ್ಬನೇ ಒಬ್ಬ ಮತದಾರನ ಕೈಯಲ್ಲಿ ಬಹುಮತವಿತ್ತು. ಆ ಮಹಾಶಯನು ಚುನಾವಣೆಯ ದಿನ ಮನೆಬಿಟ್ಟು ಹೊರಟು ಬಂದರೆ ಸಾಕು, ಫಲಿತಾಂಶ ಸಿದ್ಧವಾದಂತೆಯೇ. ಇಂಥ ಆಡಳಿತಗಳ ತಳಹದಿಯ ಮೇಲೆ ಜಿಲ್ಲಾ ಸಭೆಗಳು, ಆ ಸಭೆಗಳು ಆರಿಸಿ ಕಳಿಸಿದವರಿಂದ ಪಾರ್ಲಿಮೆಂಟಿನ ಮೇಲ್ಮನೆ. ಕೆಳಮನೆಯ ಚುನಾವಣೆಯಲ್ಲಾದರೋ ಒಬ್ಬನಿಗೆ ಒಂದೇ ಓಟು, ನಿಜ. ಆದರೆ ಅದು ದೊರೆಯಬೇಕಾದರೆ ಗೊತ್ತಾದ ಬೆಲೆಯ ಭೂಮಿಯಿರಬೇಕು, ಇಲ್ಲವೇ ವರ್ಷಕ್ಕೆ 800 ಕ್ರೋನರ್ ಆದಾಯ ತೋರಿಸಬೇಕು. ಗರಗಸದ ಕಾರ್ಖಾನೆಯಲ್ಲಿ, ಗಣಿಯಲ್ಲಿ, ಹೊಲದಲ್ಲಿ ದುಡಿಯುವ ಬಹುಮಂದಿಗೆ ಅದು ಎಟುಕದ ಮಾತು. ಹೆಂಗಸರ ಹೆಸರನ್ನಂತೂ ಈ ಪ್ರಸಂಗದಲ್ಲಿ ಎತ್ತುವಂತೆಯೇ ಇರಲಿಲ್ಲ.

ಇಂಥ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ 1860ನೆಯ ಇಸವಿ ನವೆಂಬರ್ 23ರಂದು ಯಾಲ್ಮಾರ್ ಬ್ರಾಂಟಿಂಗ್ ಹುಟ್ಟಿದನು. ಸ್ವೀಡನ್ನಿನ ಸೋಷಿಯಲ್ ಡೆಮೊಕ್ರಾಟ್ ಪಕ್ಷದ ಮುಂದಿನ ಪೀಳಿಗೆಯವರಲ್ಲಿ ಕೆಲವರನ್ನು ನಮ್ಮ ವಾಚಕರು ಬಲ್ಲರು. 1955ರಿಂದ 1961ರವರೆಗೆ ದೆಹಲಿಯಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದ ಆಲ್ವಾ ಮಿರ್ದಾಲ್, ಏಷ್ಯದ ಬಡತನವನ್ನು ಕುರಿತು ಬೃಹದ್ಗ್ರಂಥವನ್ನು ಬರೆದ ಅವರ ಪತಿ ಗುನ್ನಾರ್ ಮಿರ್ದಾಲ್, 1986ರಲ್ಲಿ ಕೊಲೆಗೀಡಾದ ಪ್ರಧಾನಿ ಒಲೋಫ್ ಪಾಲ್ಮೆ—ಇವರ ಹೆಸರು ಅಪರಿಚಿತವಲ್ಲ. ಇವರೆಲ್ಲರೂ ನಡೆದ ದಾರಿಯನ್ನು ಮೊದಲು ಸವೆಸಿದ ಬ್ರಾಂಟಿಂಗನನ್ನು ಬಲ್ಲವರು ನಮ್ಮಲ್ಲಿ ವಿರಳ. ಅವನು ಮೂರು ಬಾರಿ ಪ್ರಧಾನಿಯಾದನು, ನೊಬೆಲ್ ಶಾಂತಿ ಬಹುಮಾನವನ್ನು ಪಡೆದನು. ನನ್ನನ್ನು ಅವನ ಬಾಳಿನ ಕಡೆಗೆ ಸೆಳೆದದ್ದು ಮಾತ್ರ ಬೇರೊಂದು ಸಂಗತಿ. ತನ್ನ ಜನರಿಗೆ ಓಟನ್ನೇ ಕೊಡದ ವ್ಯವಸ್ಥೆಯೊಂದನ್ನು ಓಟಿನಿಂದಲೇ ಮಾರ್ಪಡಿಸಬಹುದೆಂದು ಈ ಮನುಷ್ಯ ನಾಲ್ವತ್ತು ವರ್ಷ ನಂಬಿ ನಡೆದನು. ಆ ನಂಬಿಕೆಗಾಗಿ ಬಲಗಡೆಯವರಿಂದಲೂ ಎಡಗಡೆಯವರಿಂದಲೂ ಏಟು ತಿಂದನು. ಅದು ಮೌಢ್ಯವೋ ಜಾಣತನವೋ ಎಂಬುದು ಅವನ ಕಾಲದವರನ್ನು ಕಾಡಿದ ಪ್ರಶ್ನೆ; ಇಂದಿಗೂ ಅದು ಹಳಸಿಲ್ಲ.

ಬ್ರಾಂಟಿಂಗ್ ಬಡವರ ಮನೆಯಲ್ಲಿ ಹುಟ್ಟಿದವನಲ್ಲ. ತಂದೆ ಲಾರ್ಸ್ ಗೇಬ್ರಿಯಲ್ ಬ್ರಾಂಟಿಂಗ್ ರಾಜಧಾನಿಯ ವ್ಯಾಯಾಮ ವಿದ್ಯಾಲಯದ ಮುಖ್ಯಸ್ಥ. ಸ್ವೀಡನ್ನಿನ ಅಂಗಸಾಧನೆಯ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿದ ಲಿಂಗ್ ಎಂಬಾತನ ಉತ್ತರಾಧಿಕಾರಿ. ಹುಡುಗನನ್ನು ಓದಿಸಿದ್ದು ದೊಡ್ಡ ಮನೆತನಗಳ ಮಕ್ಕಳು ಹೋಗುತ್ತಿದ್ದ ಬೆಸ್ಕೋವ್ ಶಾಲೆಯಲ್ಲಿ. ಮುಂದೆ ಐದನೆಯ ಗುಸ್ತಾವ್ ಎಂಬ ಹೆಸರಿನಿಂದ ಪಟ್ಟವೇರಿದ ರಾಜಕುಮಾರನೂ ಅದೇ ಶಾಲೆಯ ವಿದ್ಯಾರ್ಥಿ. ಈ ಇಬ್ಬರು ಮುದಿತನದಲ್ಲಿ ಎದುರುಬದುರಾಗಿ ನಿಂತು ರಾಜ್ಯದ ಅಧಿಕಾರ ಯಾರದೆಂದು ಜಗಳಾಡಬೇಕಾದೀತೆಂದು ಅಂದಿನ ಉಪಾಧ್ಯಾಯರು ಊಹಿಸಿರಲಾರರು.

ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿ ಅವನು ಆರಿಸಿಕೊಂಡ ವಿಷಯಗಳು ಗಣಿತ ಮತ್ತು ಖಗೋಳಶಾಸ್ತ್ರ. ಅಲ್ಲಿಂದ ಸ್ಟಾಕ್‌ಹೋಮಿನ ವೀಕ್ಷಣಾಲಯಕ್ಕೆ ಬಂದು, ಹೆಸರಾಂತ ಖಗೋಳಜ್ಞ ಹ್ಯೂಗೋ ಗಿಲ್ಡೇನನ ಕೈಕೆಳಗೆ ಸಹಾಯಕನಾಗಿ ದುಡಿದನು. ನಕ್ಷತ್ರಗಳ ಸ್ಥಾನವನ್ನು ಅಳೆಯುವ ಕೆಲಸ ತಾಳ್ಮೆಯ ಕೆಲಸ. ರಾತ್ರಿಗಟ್ಟಲೆ ಕಾದರೂ ಮೋಡ ಮುಸುಕಿದರೆ ಬರಿಗೈ; ಮರುರಾತ್ರಿ ಮತ್ತೆ ಅದೇ ಗಾಜಿಗೆ ಕಣ್ಣು. ಮುಂದೆ ಅವನ ರಾಜಕೀಯದಲ್ಲಿ ಕಾಣುವ ಸಹನೆ ಈ ವೀಕ್ಷಣಾಲಯದಲ್ಲಿ ಕಲಿತದ್ದೆಂದು ಹೇಳುವ ಆಸೆ ನನಗಾಗುತ್ತದೆ. ಆದರೆ ಹುಟ್ಟುಗುಣವೇ ಅವನನ್ನು ದೂರದರ್ಶಕದ ಬಳಿಗೆ ಕೊಂಡೊಯ್ದಿರಲೂ ಸಾಕು.

ಆ ದಿನಗಳಲ್ಲಿ ಆಂಟನ್ ನಿಸ್ಟ್ರೋಮ್ ಎಂಬ ವೈದ್ಯನು ದುಡಿಯುವ ಜನರಿಗಾಗಿ ಸ್ಟಾಕ್‌ಹೋಮಿನಲ್ಲಿ ಒಂದು ವಿದ್ಯಾಸಂಸ್ಥೆಯನ್ನು ತೆರೆದಿದ್ದನು. ಹಗಲೆಲ್ಲ ದುಡಿದವರು ಸಂಜೆ ಬಂದು ಪ್ರಕೃತಿಶಾಸ್ತ್ರವನ್ನೂ ಚರಿತ್ರೆಯನ್ನೂ ಕೇಳುವ ಪಾಠಶಾಲೆ ಅದು. ಅದಕ್ಕೆ ಹಣದ ಮುಗ್ಗಟ್ಟು ಬಂದಾಗ ಬ್ರಾಂಟಿಂಗ್ ತನ್ನ ಪಿತ್ರಾರ್ಜಿತದಿಂದ ನೆರವಿತ್ತನು. ಬಳಿಕ ಯೂರೋಪಿನ ಪ್ರವಾಸ. ಅಲ್ಲಿಯ ಸಮಾಜವಾದಿಗಳ ಸಭೆಗಳು, ವಾದಗಳು, ಪತ್ರಿಕೆಗಳು. ಹಿಂದಿರುಗಿ ಬಂದವನು ವೀಕ್ಷಣಾಲಯಕ್ಕೆ ಮರಳಲಿಲ್ಲ. ‘ಟೀಡೆನ್’ ಎಂಬ ಉದಾರವಾದಿ ಪತ್ರಿಕೆಯನ್ನು ಸೇರಿ, ಕಾಲಕ್ರಮದಲ್ಲಿ ಅದರ ಸಂಪಾದಕನಾದನು. 1884ರಲ್ಲಿ ಆನ್ನಾ ಎಂಬಾಕೆಯನ್ನು ಮದುವೆಯಾದನು. ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದ ಈಕೆಯನ್ನು ವರಿಸಿದ್ದು ಆ ಕಾಲದ ಮಧ್ಯಮ ವರ್ಗದ ಕಣ್ಣಿಗೆ ಸಣ್ಣ ಸಾಹಸವೇ ಸರಿ. ಆನ್ನಾ ಸ್ವತಃ ಬರಹಗಾರ್ತಿ; ರೆನೆ ಎಂಬ ಗುಪ್ತನಾಮದಿಂದ ಪತ್ರಿಕೆಗಳಿಗೆ ನಾಟಕ ವಿಮರ್ಶೆ ಬರೆಯುತ್ತಿದ್ದಳು. ಚಳವಳಿಗಾರರ ಮನೆಯಲ್ಲಿ ರಂಗಭೂಮಿಯ ಮಾತೂ ಸದಾ ನಡೆಯುತ್ತಿತ್ತೆಂಬುದನ್ನು ಸಾಹಿತ್ಯದ ವಾಚಕರು ನೆನಪಿಡಬೇಕು.

ಸ್ವೀಡನ್ನಿಗೆ ಸಮಾಜವಾದವನ್ನು ತಂದವನು ಬ್ರಾಂಟಿಂಗನಲ್ಲ, ಔಗುಸ್ಟ್ ಪಾಲ್ಮ್ ಎಂಬ ದರ್ಜಿ. ಜರ್ಮನಿಯಲ್ಲಿಯೂ ಡೆನ್ಮಾರ್ಕಿನಲ್ಲಿಯೂ ಬಟ್ಟೆ ಹೊಲಿಯುತ್ತ ಹೊಸ ವಿಚಾರಗಳನ್ನು ಕೇಳಿಬಂದ ಪಾಲ್ಮ್ 1881ರ ನವೆಂಬರಿನಲ್ಲಿ ಮಾಲ್ಮೋ ಪಟ್ಟಣದಲ್ಲಿ ಮೊದಲ ಭಾಷಣ ಮಾಡಿದನು. 1885ರಲ್ಲಿ ರಾಜಧಾನಿಯಲ್ಲಿ ‘ಸೋಷಿಯಲ್-ಡೆಮೊಕ್ರಾಟೆನ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಮಾತಿನಲ್ಲಿ ಬೆಂಕಿ, ಲೆಕ್ಕದಲ್ಲಿ ಬೂದಿ ಎನ್ನುವ ಜಾತಿಯ ಮನುಷ್ಯ ಅವನು. ಮರುವರ್ಷ ಬ್ರಾಂಟಿಂಗ್ ಆ ಪತ್ರಿಕೆಯನ್ನು ಸೇರಿದನು. ಬೇಗನೆ ಸಂಪಾದಕತ್ವವೂ ಅವನಿಗೇ ಬಂತು. ಹಳೆಯ ದರ್ಜಿ ಪಕ್ಕಕ್ಕೆ ಸರಿಯಬೇಕಾಯಿತು, ಮನಸ್ಸಿನಲ್ಲಿ ಕಹಿಯೂ ಉಳಿಯಿತು. ಬೀಜ ಬಿತ್ತಿದವನ ಹೆಸರು ಹಿಂದೆ ಬಿದ್ದು ಪೈರು ಕಾದವನ ಹೆಸರು ನಿಲ್ಲುವುದು ಚರಿತ್ರೆಯಲ್ಲಿ ಹೊಸತಲ್ಲ. ಆದರೂ ಪಾಲ್ಮನಿಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ.

1886ರ ಶರತ್ಕಾಲದಲ್ಲಿ ಯೆವ್ಲೆ ಎಂಬ ಕರಾವಳಿಯ ಊರಿನಲ್ಲಿ ಕೆಲಸಗಾರರ ಸಂಘವೊಂದರ ಮುಂದೆ ಬ್ರಾಂಟಿಂಗ್ ಮಾಡಿದ ಭಾಷಣ ಅವನ ಬಾಳಿನ ನಕ್ಷೆಯೆನ್ನಬಹುದು. ಕೆಲಸಗಾರರ ಚಳವಳಿ ಏಕೆ ಸಮಾಜವಾದಿಯಾಗಬೇಕೆಂಬುದು ಅದರ ವಿಷಯ. ಸಾರ್ವತ್ರಿಕ ಮತಾಧಿಕಾರವೊಂದನ್ನು ಕೊಟ್ಟರೆ ಸಮಾಜದ ಮಾರ್ಪಾಡು ಕಾನೂನಿನ ದಾರಿಯಲ್ಲಿಯೇ ನಡೆದೀತು. ಆ ಬಾಗಿಲನ್ನು ಮುಚ್ಚಿದರೆ ಮುಂದೆ ಆಗುವ ಅನಾಹುತಕ್ಕೆ ಮುಚ್ಚಿದವರೇ ಹೊಣೆ—ಇದು ಅವನ ವಾದದ ತಿರುಳು. ಅಂದಿನಿಂದ ಕೊನೆಯವರೆಗೂ ಅವನು ಈ ಮಾತಿನಿಂದ ಹೆಚ್ಚು ದೂರ ಸರಿಯಲಿಲ್ಲ. ಮಾರ್ಕ್ಸನನ್ನು ಓದಿದ್ದನು, ಗೌರವಿಸುತ್ತಿದ್ದನು. ಆದರೆ ಕ್ರಾಂತಿಯ ದಿನಾಂಕವನ್ನು ಪಂಚಾಂಗದಲ್ಲಿ ಹುಡುಕುವವರ ಸಾಲಿಗೆ ಸೇರಲಿಲ್ಲ.

ಕಾನೂನನ್ನು ನಂಬಿದವನಿಗೆ ಕಾನೂನು ಕೊಟ್ಟ ಮೊದಲ ಉಡುಗೊರೆ ಸೆರೆಮನೆ. ಮಾಲ್ಮೋದಲ್ಲಿ ಪತ್ರಿಕೆ ನಡೆಸುತ್ತಿದ್ದ ಆಕ್ಸೆಲ್ ಡಾನಿಯೆಲ್ಸನ್ ಎಂಬ ಗೆಳೆಯನು ಧರ್ಮವನ್ನು ಹಳಿದು ಬರೆದ ಲೇಖನಕ್ಕಾಗಿ ಸರಕಾರದ ಕೋಪಕ್ಕೆ ಗುರಿಯಾದನು. ಆ ಲೇಖನವನ್ನು ಬ್ರಾಂಟಿಂಗ್ ತನ್ನ ಪತ್ರಿಕೆಯಲ್ಲಿ ಮರುಮುದ್ರಿಸಿದನು. ದೈವನಿಂದೆಯ ಆರೋಪ ಅವನ ಮೇಲೂ ಬಿತ್ತು. ಶಿಕ್ಷೆಯಾಗಿ ಸ್ಟಾಕ್‌ಹೋಮಿನ ಲೋಂಗ್‌ಹೋಲ್ಮೆನ್ ದ್ವೀಪದ ಸೆರೆಮನೆಯಲ್ಲಿ ಕೆಲವು ತಿಂಗಳು ಕಳೆದನು. ಇದೇ ಬಗೆಯ ಆರೋಪ 1884ರಲ್ಲಿ ನಾಟಕಕಾರ ಔಗುಸ್ಟ್ ಸ್ಟ್ರಿಂಡ್‌ಬರ್ಗನ ಮೇಲೂ ಬಂದಿತ್ತು. ಸ್ಟ್ರಿಂಡ್‌ಬರ್ಗ್ ಬಿಡುಗಡೆ ಹೊಂದಿದನು. ಪತ್ರಿಕೆಯವನಿಗೆ ಆ ಅದೃಷ್ಟವಿರಲಿಲ್ಲ.

1889ರ ಏಪ್ರಿಲಿನಲ್ಲಿ ಪಕ್ಷ ಹುಟ್ಟಿತು. ಹುಟ್ಟಿದೊಡನೆಯೇ ಒಳಜಗಳವೂ ಹುಟ್ಟಿತು. ಹಿಂಕೆ ಬೆರ್ಯೆಗ್ರೇನ್ ಮೊದಲಾದವರು ಬಲಪ್ರಯೋಗದ ಮಾತನ್ನಾಡುತ್ತಿದ್ದರು. ತರುಣರಿಗೆ ಆ ಮಾತು ರುಚಿಸುತ್ತಿತ್ತು. 1891ರ ನಾರ್‌ಷೋಪಿಂಗ್ ಅಧಿವೇಶನದಲ್ಲಿ ಬ್ರಾಂಟಿಂಗನ ಪಕ್ಷವೇ ಗೆದ್ದಿತು. ಸಂಘಟನೆ, ಪತ್ರಿಕೆ, ಓಟು—ಈ ಮೂರರಾಚೆಗೆ ಸಾಧನವಿಲ್ಲವೆಂದು ತೀರ್ಮಾನವಾಯಿತು. ತಮಾಷೆಯೆಂದರೆ ಅಂದು ಪಕ್ಷಕ್ಕೆ ಸೇರಿದವರಲ್ಲಿ ಹೆಚ್ಚಿನವರಿಗೆ ಓಟೇ ಇರಲಿಲ್ಲ. ಈಜು ಬಾರದವನ ಕೈಗೆ ಹುಟ್ಟು ಕೊಟ್ಟು ದೋಣಿಯನ್ನು ಆಮೇಲೆ ಕೊಡಿಸುತ್ತೇನೆಂದ ಹಾಗೆ! ತೀವ್ರವಾದಿಗಳು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ.

1896ರ ಚುನಾವಣೆಯಲ್ಲಿ ಉದಾರವಾದಿಗಳ ನೆರವಿನಿಂದ ಬ್ರಾಂಟಿಂಗ್ ರಾಜಧಾನಿಯಿಂದ ಕೆಳಮನೆಗೆ ಆರಿಸಿ ಬಂದನು. 230 ಮಂದಿಯ ಆ ಸಭೆಯಲ್ಲಿ ಅವನ ಪಕ್ಷದವನು ಅವನೊಬ್ಬನೇ; 1902ರವರೆಗೂ ಒಬ್ಬನೇ. ಈ ಒಂಟಿತನದ ವರ್ಷಗಳನ್ನು ಜೀವನಚರಿತ್ರಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಅವೇ ಅತ್ಯಂತ ಕುತೂಹಲದವು. ಎದ್ದುನಿಂತು ಮಾತಾಡಿದರೆ ಅನುಮೋದಿಸಲು ಪಕ್ಕದಲ್ಲಿ ಯಾರೂ ಇಲ್ಲ. ಓಟಿಗೆ ಹಾಕಿದರೆ ಸೋಲು ಮೊದಲೇ ಗೊತ್ತು. ಹೊರಗೆ ಬಂದರೆ ಏನು ಸಾಧಿಸಿದೆಯೆಂದು ಕೇಳುವ ಜೊತೆಗಾರರು. ಆದರೂ ಅವನು ವಿಧೇಯ ವಿದ್ಯಾರ್ಥಿಯಂತೆ ಸಭೆಯ ನಿಯಮಗಳನ್ನು ಕಲಿತನು, ಬಜೆಟ್ಟಿನ ಅಂಕಿಗಳನ್ನು ಓದಿದನು, ಎದುರಾಳಿಗಳೊಂದಿಗೆ ವಾದಿಸಿ ಅವರಿಂದಲೇ ಗೌರವ ಸಂಪಾದಿಸಿದನು. ದಪ್ಪ ಮೀಸೆ, ಪೊದೆಯಂಥ ಹುಬ್ಬು, ಕೆದರಿದ ಕೂದಲು—ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಗಿದ್ದ ಆ ಮುಖ ಬರಬರುತ್ತ ದೇಶಕ್ಕೆ ಪರಿಚಿತವಾಯಿತು.

ಸಭೆಯೊಳಗಿನ ಒಂಟಿ ದನಿಗೆ ಬಲ ಬಂದದ್ದು ಹೊರಗಿನಿಂದ. 1902ರ ಮೇ ತಿಂಗಳಲ್ಲಿ ಮತಾಧಿಕಾರದ ಪ್ರಶ್ನೆ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದಾಗ ದೇಶದ ಕೆಲಸಗಾರರು ಮೂರು ದಿನ ಸಾರ್ವತ್ರಿಕ ಮುಷ್ಕರ ಹೂಡಿದರು. ಕೂಲಿಯನ್ನು ಹೆಚ್ಚಿಸಿರೆಂದು ಹೂಡಿದ ಮುಷ್ಕರವಲ್ಲ. ಓಟು ಕೊಡಿರೆಂದು ಹೂಡಿದ್ದು. ಮೂರು ದಿನ ಕಳೆದೊಡನೆ ಎಲ್ಲರೂ ಶಿಸ್ತಿನಿಂದ ಕೆಲಸಕ್ಕೆ ಮರಳಿದರು. ಆ ವರ್ಷದ ಚುನಾವಣೆಯಲ್ಲಿ ಪಕ್ಷಕ್ಕೆ 4 ಸ್ಥಾನ, 1905ರಲ್ಲಿ 13, 1908ರಲ್ಲಿ 34. ಇದಿಷ್ಟೂ ಹಳೆಯ, ಇಕ್ಕಟ್ಟಾದ ಮತದಾರರ ಪಟ್ಟಿಯಲ್ಲಿಯೇ ದೊರೆತ ಗೆಲವು.

ಈ ನಡುವೆ 1905ರ ಬೇಸಗೆ ಬಂತು. ಆವರೆಗೆ ಸ್ವೀಡನ್ನಿನ ದೊರೆಯೇ ನಾರ್ವೆಗೂ ದೊರೆ. ಜೂನ್ 7ರಂದು ನಾರ್ವೆಯ ಪಾರ್ಲಿಮೆಂಟು ಈ ಕೂಡಾವಳಿ ಮುರಿಯಿತೆಂದು ಸಾರಿತು. ಸ್ವೀಡನ್ನಿನ ಮಾನ ಹೋಯಿತೆಂದು ಗರ್ಜಿಸಿದವರು ಬಹಳ ಮಂದಿ. ಸೇನೆಯನ್ನು ಗಡಿಗೆ ಕಳುಹಿಸಬೇಕೆಂದು ಒತ್ತಾಯ. ಬ್ರಾಂಟಿಂಗ್ ತನ್ನ ಪತ್ರಿಕೆಯಲ್ಲಿ ನಾರ್ವೆಯ ತಂಟೆಗೆ ಹೋಗಬಾರದೆಂದು ದೊರೆಯನ್ನೇ ಉದ್ದೇಶಿಸಿ ಬರೆದನು. ಯುದ್ಧ ಹೂಡಿದರೆ ಮುಷ್ಕರ ಹೂಡುವೆವೆಂಬ ಸಿದ್ಧತೆ ಕೆಲಸಗಾರರ ಸಂಘಗಳಲ್ಲಿ ನಡೆಯಿತು. ಸೆಟ್ ಹೋಗ್ಲುಂಡ್ ಎಂಬ ತರುಣ ಮುಂದಾಳು ಯುದ್ಧವಿರೋಧಿ ಕರೆಯೋಲೆಗಾಗಿ ಸೆರೆಗೆ ಹೋದನು. ಕೊನೆಗೆ ಕಾರ್ಲ್‌ಸ್ಟಾಡಿನಲ್ಲಿ ಎರಡೂ ದೇಶದವರು ಮೇಜಿನ ಸುತ್ತ ಕುಳಿತು, ಸೆಪ್ಟೆಂಬರಿನಲ್ಲಿ, ಗುಂಡು ಹಾರಿಸದೆ ಬೇರೆಯಾದರು. ಇದರ ಕೀರ್ತಿ ಬ್ರಾಂಟಿಂಗನೊಬ್ಬನದೆಂದರೆ ಅತಿಶಯೋಕ್ತಿ. ಆದರೆ ಜನಸಮೂಹ ಯುದ್ಧದ ಕೂಗಿಗೆ ಕಿವಿಗೊಡದಂತೆ ನೋಡಿಕೊಂಡವರಲ್ಲಿ ಅವನು ಮೊದಲಿಗ. ದೇಶದ್ರೋಹಿಯೆಂಬ ಬಿರುದು ಅಂದು ದೊರೆತದ್ದು ಬಹುಕಾಲ ಅವನನ್ನು ಬಿಡಲಿಲ್ಲ.

1907ರಲ್ಲಿ ಬ್ರಾಂಟಿಂಗ್ ಪಕ್ಷದ ಅಧ್ಯಕ್ಷನಾದನು. ಸಾಯುವವರೆಗೂ ಆ ಸ್ಥಾನದಲ್ಲಿದ್ದನು. ಅದೇ ವರ್ಷ ಬಲಪಂಥದ ಪ್ರಧಾನಿ ಆರ್ವಿಡ್ ಲಿಂಡ್‌ಮನ್ ಕೆಳಮನೆಗೆ ಗಂಡಸರ ಸಾರ್ವತ್ರಿಕ ಮತಾಧಿಕಾರದ ಮಸೂದೆಯನ್ನು ತಂದನು. 1909ರಲ್ಲಿ ಅದು ಸ್ಥಿರವಾಯಿತು. ಮೇಲ್ಮನೆಯನ್ನು ಹಣವಂತರ ಕೋಟೆಯಾಗಿಯೇ ಉಳಿಸಿಕೊಳ್ಳಲು ಮಾಡಿದ ಚತುರ ಹೂಟವದು. ಊರಾಡಳಿತದ ಚುನಾವಣೆಯಲ್ಲಿ ಒಬ್ಬನಿಗೆ ಗರಿಷ್ಠ 40 ಓಟು ಎಂದು ಮಿತಿ ಹಾಕಿದರು. ಸಾವಿರಗಳ ಕಾಲ ಹೋಗಿ ನಾಲ್ವತ್ತರ ಕಾಲ ಬಂತು, ಅಷ್ಟೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿದರೆ ಬ್ರಾಂಟಿಂಗನ ಚಿತ್ರಕ್ಕೆ ಸುಣ್ಣ ಬಳಿದಂತಾದೀತು. ಆ ವರ್ಷಗಳ ಹೋರಾಟದಲ್ಲಿ ಅವನ ಪಕ್ಷ ಗಂಡಸರ ಓಟು ಮೊದಲು ಬರಲಿ, ಹೆಂಗಸರದು ಅನಂತರವೆಂದು ನಿರ್ಧರಿಸಿತು. ಎರಡನ್ನೂ ಒಟ್ಟಿಗೆ ಕೇಳಿದರೆ ಎರಡೂ ದೊರೆಯವೆಂಬ ವ್ಯವಹಾರದ ಲೆಕ್ಕ. ಪಕ್ಷದ ಹೆಂಗಸರು ನೊಂದರು, ಪ್ರತಿಭಟಿಸಿದರು, ಆದರೂ ಗಂಡಸರ ಓಟಿಗಾಗಿ ಜೊತೆಯಲ್ಲಿಯೇ ದುಡಿದರು. ಅವರಿಗೆ ಹನ್ನೆರಡು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಸಹನೆಯನ್ನು ಗುಣವೆಂದು ಹೊಗಳುವಾಗ, ಯಾರ ಖರ್ಚಿನಲ್ಲಿ ಸಹನೆಯೆಂದು ಕೇಳುವುದೂ ನ್ಯಾಯವೇ.

1909 ಮತ್ತೊಂದು ಬಗೆಯಲ್ಲಿಯೂ ಕಹಿಯಾದ ವರ್ಷ. ಮಾಲೀಕರ ಬೀಗಮುದ್ರೆಗೆ ಎದುರಾಗಿ ಕೆಲಸಗಾರರ ಒಕ್ಕೂಟ ಹೂಡಿದ ಮಹಾಮುಷ್ಕರದಲ್ಲಿ ಸುಮಾರು ಮೂರು ಲಕ್ಷ ಮಂದಿ ಪಾಲ್ಗೊಂಡರು. ತಿಂಗಳು ಕಳೆಯಿತು, ನಿಧಿ ಕರಗಿತು, ಸೋಲಾಯಿತು. ಒಕ್ಕೂಟದ ಸದಸ್ಯರ ಸಂಖ್ಯೆ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಅಮೆರಿಕದ ಹಡಗು ಹತ್ತಿದವು. ಬೀದಿಯಲ್ಲಿ ಸೋತ ಎರಡೇ ವರ್ಷಕ್ಕೆ, 1911ರಲ್ಲಿ, ಹೊಸ ಮತದಾರರ ಪಟ್ಟಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಪಕ್ಷಕ್ಕೆ 64 ಸ್ಥಾನಗಳು ಬಂದವು. ಬ್ರಾಂಟಿಂಗನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ.

ಸಾಹಿತ್ಯದ ಪುಟದಲ್ಲಿ ಬರೆಯುತ್ತಿರುವುದರಿಂದ ಸ್ಟ್ರಿಂಡ್‌ಬರ್ಗನ ಕೊನೆಯ ದಿನಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಸ್ವೀಡನ್ನಿನ ಆ ಮಹಾಲೇಖಕನಿಗೆ ಸ್ವೀಡನ್ನಿನವರೇ ಕೊಡುವ ನೊಬೆಲ್ ಸಾಹಿತ್ಯ ಬಹುಮಾನ ಬರಲೇ ಇಲ್ಲ. ಅದಕ್ಕೆ ಉತ್ತರವಾಗಿ ಜನರಿಂದ ಚಂದಾ ಎತ್ತುವ ಕಾರ್ಯ ನಡೆಯಿತು. ಮುಂದೆ ನಿಂತವರಲ್ಲಿ ಬ್ರಾಂಟಿಂಗ್ ಪ್ರಮುಖ. ಸುಮಾರು 45 ಸಾವಿರ ಕ್ರೋನರ್ ಕೂಡಿತು. 1912ರಲ್ಲಿ ಅದನ್ನು ಲೇಖಕನಿಗೆ ಒಪ್ಪಿಸಿದರು. ಆ ವರ್ಷ ಮೇ ತಿಂಗಳಲ್ಲಿ ಸ್ಟ್ರಿಂಡ್‌ಬರ್ಗ್ ತೀರಿಕೊಂಡಾಗ ಶವಯಾತ್ರೆಯಲ್ಲಿ ಕೆಲಸಗಾರರ ಸಂಘಗಳು ಬಾವುಟ ಹಿಡಿದು ನಡೆದವು. ನಾಟಕಗಳನ್ನು ಓದಿದವರೇ ಅವರೆಲ್ಲರೂ? ಇರಲಾರರು. ತಮ್ಮ ಪರವಾಗಿ ದೊಡ್ಡವರನ್ನು ಬೈದ ಲೇಖಕನೆಂದು ಬಲ್ಲವರು.

1914ರ ಫೆಬ್ರವರಿಯಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಘರ್ಷಣೆ ಬಂತು. ರಕ್ಷಣೆಯ ವೆಚ್ಚ ಸಾಲದೆಂದು 30 ಸಾವಿರ ರೈತರು ಅರಮನೆಗೆ ಮೆರವಣಿಗೆ ಬಂದರು. ದೊರೆ ಗುಸ್ತಾವ್ ಅಂಗಳದಲ್ಲಿ ನಿಂತು ತನ್ನ ಮಂತ್ರಿಗಳ ನೀತಿಗೆ ವಿರುದ್ಧವಾಗಿ ಅವರ ಪರ ಮಾತಾಡಿದನು. ಉದಾರವಾದಿ ಪ್ರಧಾನಿ ಕಾರ್ಲ್ ಸ್ಟಾಫ್ ರಾಜೀನಾಮೆಯಿತ್ತನು. ರೈತರು ಬಂದ ಎರಡು ದಿನಗಳಲ್ಲಿಯೇ, ಆ ರಾಜೀನಾಮೆಗೆ ಮುಂಚೆ, ಬ್ರಾಂಟಿಂಗ್ ಕೆಲಸಗಾರರ ಮೆರವಣಿಗೆಯನ್ನು ಸ್ಟಾಫನ ಬಳಿಗೆ ಕರೆತಂದು ಜನಪ್ರತಿನಿಧಿಗಳ ಸರಕಾರಕ್ಕೆ ಬೆಂಬಲ ಸಾರಿದನು. ಅಂದಿಗೆ ದೊರೆಯೇ ಗೆದ್ದನು. ಆ ವರ್ಷದ ಶರತ್ಕಾಲದ ಚುನಾವಣೆಯಲ್ಲಿ 87 ಸ್ಥಾನಗಳೊಡನೆ ಬ್ರಾಂಟಿಂಗನ ಪಕ್ಷ ಕೆಳಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಯಿತು. ಅಷ್ಟರಲ್ಲಿ ಯೂರೋಪು ಹೊತ್ತಿ ಉರಿಯುತ್ತಿತ್ತು. ಸ್ವೀಡನ್ ತಟಸ್ಥವಾಗಿ ಉಳಿಯಬೇಕೆಂದು ಬ್ರಾಂಟಿಂಗ್ ಹಟಹಿಡಿದನು. ಜರ್ಮನಿಯ ಕಡೆ ಸೇರಿ ಹೋರಾಡಬೇಕೆಂದು ಬರೆದ ತನ್ನ ಪಕ್ಷದವರನ್ನೇ 1915ರಲ್ಲಿ ಹೊರಹಾಕಲಾಯಿತು.

1917 ಅವನ ಬಾಳಿನ ಅತ್ಯಂತ ಕಠಿನವಾದ ವರ್ಷ. ಯುದ್ಧದ ದಿಗ್ಬಂಧನದಿಂದ ಬ್ರೆಡ್ಡಿಗೂ ಆಲೂಗಡ್ಡೆಗೂ ಬರ. ಏಪ್ರಿಲಿನಲ್ಲಿ ಊರೂರಿನಲ್ಲಿ ಹಸಿದ ಹೆಂಗಸರ, ಗಂಡಸರ ಮೆರವಣಿಗೆ. ರಷ್ಯದಲ್ಲಿ ಚಕ್ರವರ್ತಿ ಉರುಳಿದ್ದನು. ಬ್ರಾಂಟಿಂಗ್ ಪೆಟ್ರೋಗ್ರಾಡಿಗೆ ಹೋಗಿ ಹೊಸ ಗಾಳಿಯನ್ನು ಕಣ್ಣಾರೆ ಕಂಡುಬಂದನು. ಅದೇ ಹೊತ್ತಿನಲ್ಲಿ ಪಕ್ಷ ಇಬ್ಭಾಗವಾಯಿತು. ಪಾರ್ಲಿಮೆಂಟಿನ ಗುಂಪಿನ ತೀರ್ಮಾನಕ್ಕೆ ಎಲ್ಲರೂ ತಲೆಬಾಗಬೇಕೆಂಬ ನಿರ್ಣಯಕ್ಕೆ ಒಪ್ಪದೆ ಹೋಗ್ಲುಂಡನೂ ತರುಣರ ಸಂಘವೂ ಹೊರನಡೆದು ಮೇ ತಿಂಗಳಲ್ಲಿ ಎಡಪಕ್ಷವನ್ನು ಕಟ್ಟಿದರು. ನಾರ್ವೆಯ ಯುದ್ಧವನ್ನು ತಡೆಯಲು ಸೆರೆಗೆ ಹೋಗಿದ್ದ ಅದೇ ಹೋಗ್ಲುಂಡ್! ಅವನ ಕಣ್ಣಿಗೆ ಬ್ರಾಂಟಿಂಗ್ ಈಗ ದೊಡ್ಡವರ ಜೊತೆ ಊಟಕ್ಕೆ ಕುಳಿತವನು. ದೊಡ್ಡವರ ಕಣ್ಣಿಗಾದರೋ ಬಾಂಬು ಬಚ್ಚಿಟ್ಟುಕೊಂಡವನು. ಅತ್ತ ದರಿ, ಇತ್ತ ಪುಲಿ.

ಜೂನ್ 5ರಂದು ಬ್ರಾಂಟಿಂಗ್ ಸಭೆಯಲ್ಲಿ ಮತಾಧಿಕಾರದ ಸುಧಾರಣೆಯನ್ನು ಕುರಿತು ಸರಕಾರವನ್ನು ಪ್ರಶ್ನಿಸಿದನು. ಹೊರಗೆ ಸಾವಿರಾರು ಜನ ಸೇರಿದ್ದರು. ಉತ್ತರ ತೃಪ್ತಿಕರವಾಗಿರಲಿಲ್ಲ. ಗುಸ್ತಾವ್ ಆಡೋಲ್ಫ್ ಚೌಕದಲ್ಲಿ ಕುದುರೆ ಪೊಲೀಸರು ಕತ್ತಿ ಹಿರಿದು ಗುಂಪಿನ ಮೇಲೆ ನುಗ್ಗಿದರು. ಆ ಘಳಿಗೆಯಲ್ಲಿ ಬ್ರಾಂಟಿಂಗನ ಬಾಯಿಂದ ಒಂದು ಮಾತು ಹೊರಟಿದ್ದರೆ ಸ್ಟಾಕ್‌ಹೋಮ್ ಪೆಟ್ರೋಗ್ರಾಡಿನ ಹಾದಿ ಹಿಡಿಯುತ್ತಿತ್ತೆಂದು ನಂಬಿದವರು ಎರಡೂ ಕಡೆಯಲ್ಲಿದ್ದರು. ಆ ಮಾತು ಹೊರಡಲಿಲ್ಲ. ಅವನು ಸೆಪ್ಟೆಂಬರಿನ ಚುನಾವಣೆಗೆ ಕಾದನು. ಬಲಪಂಥ ಸೋತಿತು. ದೊರೆ ಒಲ್ಲದ ಮನಸ್ಸಿನಿಂದ ಅಕ್ಟೋಬರಿನಲ್ಲಿ ಉದಾರವಾದಿ ನಿಲ್ಸ್ ಎಡೇನನನ್ನು ಕರೆದು ಉದಾರವಾದಿಗಳೂ ಸಮಾಜವಾದಿಗಳೂ ಕೂಡಿದ ಸಂಪುಟವನ್ನು ಒಪ್ಪಿಕೊಂಡನು. ಬ್ರಾಂಟಿಂಗ್ ಕೆಲವು ತಿಂಗಳು ಹಣಕಾಸಿನ ಮಂತ್ರಿ. ಅವನ ಬಳಿಕ ಆ ಸ್ಥಾನಕ್ಕೆ ಬಂದವನು ಒಂದು ಕಾಲಕ್ಕೆ ಜೋಡು ಹೊಲಿದು ಜೀವಿಸಿದ್ದ ತೋರ್ಸನ್. ಅಂದಿನಿಂದ ಸ್ವೀಡನ್ನಿನ ದೊರೆಗಳು ಪಾರ್ಲಿಮೆಂಟಿನ ಇಚ್ಛೆಗೆ ಎದುರಾಗಿ ಸರಕಾರ ನಡೆಸಲಿಲ್ಲ.

ಒಂದು ವರ್ಷದ ಬಳಿಕ, 1918ರ ನವೆಂಬರಿನಲ್ಲಿ, ಜರ್ಮನಿಯ ಕೈಸರನೂ ಉರುಳಿದನು. ಸ್ವೀಡನ್ನಿನ ಎಡಪಕ್ಷ ಗಣರಾಜ್ಯಕ್ಕಾಗಿ, ಕೆಲಸಗಾರರ ಹಾಗೂ ಸಿಪಾಯಿಗಳ ಸಮಿತಿಗಳಿಗಾಗಿ ಕರೆಯಿತ್ತಿತು. ಬ್ರಾಂಟಿಂಗ್ ಅದಕ್ಕೆ ಸೇರಲಿಲ್ಲ. ಮತಾಧಿಕಾರದ ಮಸೂದೆಯನ್ನಷ್ಟೆ ಮುಂದಿಟ್ಟನು. ಡಿಸೆಂಬರಿನಲ್ಲಿ ಮೇಲ್ಮನೆ ಮಣಿಯಿತು. ತೆರಿಗೆಗೆ ತಕ್ಕ ಓಟಿನ ಕಾಲ ಮುಗಿಯಿತು; 1919ರಲ್ಲಿ ಹೆಂಗಸರ ಮತಾಧಿಕಾರಕ್ಕೂ ಒಪ್ಪಿಗೆ ದೊರೆತು 1921ರಲ್ಲಿ ಅದು ಸ್ಥಿರವಾಯಿತು. 1919ರಲ್ಲಿಯೇ ಎಂಟು ಗಂಟೆಯ ದುಡಿಮೆಯ ಕಾನೂನೂ ಬಂತು. ಬ್ರಾಂಟಿಂಗನ ಅಭಿಮಾನಿಗಳು ಇದನ್ನು ಅವನ ದಾರಿಯ ವಿಜಯವೆಂದು ಹಾಡುತ್ತಾರೆ. ಬರ್ಲಿನ್ನಿನ ಬೀದಿಗಳ ಸದ್ದು ಕೇಳಿಸದಿದ್ದರೆ ಮೇಲ್ಮನೆಯ ಸಿರಿವಂತರು ಅಷ್ಟು ಬೇಗ ಬಾಗುತ್ತಿದ್ದರೇ? ನನಗೆ ಸಂಶಯ. ತಾನು ಒಲ್ಲದ ಕ್ರಾಂತಿಯ ಭಯ ತನಗೆ ನೆರವಾಗುತ್ತಿದೆಯೆಂಬುದು ಬ್ರಾಂಟಿಂಗನಂಥ ಲೆಕ್ಕಗಾರನಿಗೆ ತಿಳಿಯದೆ ಇದ್ದೀತೆ? 1919ರ ಆರಂಭದಲ್ಲಿ ಬೆರ್ನ್ ನಗರದಲ್ಲಿ ಸೇರಿದ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷನಾಗಿ ಅವನು ಪ್ರಜಾಪ್ರಭುತ್ವವಿಲ್ಲದ ಸಮಾಜವಾದ ಸಲ್ಲದೆಂಬ ನಿರ್ಣಯವನ್ನು ಮಂಡಿಸಿದನು. ರಷ್ಯದ ಹೊಸ ಆಡಳಿತಗಾರರಿಗೆ ಅವನ ಹೆಸರು ಬೈಗಳಾಯಿತು.

1920ರ ಮಾರ್ಚ್ 10ರಂದು ಬ್ರಾಂಟಿಂಗ್ ಪ್ರಧಾನಿಯಾದನು. ಸ್ವೀಡನ್ನಿನಲ್ಲಿ ಸೋಷಿಯಲ್ ಡೆಮೊಕ್ರಾಟರೇ ರಚಿಸಿದ ಮೊದಲ ಸರಕಾರ ಅದು. ಅವನಿಗೆ ಆಗ ಐವತ್ತೊಂಬತ್ತು, ಆರೋಗ್ಯ ಕೆಟ್ಟಿತ್ತು, ಸಭೆಯಲ್ಲಿ ಬಹುಮತವಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಚುನಾವಣೆಯಲ್ಲಿ ಹಿನ್ನಡೆಯಾದೊಡನೆ ಅಕ್ಟೋಬರಿನಲ್ಲಿ ಕುರ್ಚಿ ಬಿಟ್ಟನು. ಹೆಂಗಸರೂ ಓಟು ಹಾಕಿದ 1921ರ ಸೆಪ್ಟೆಂಬರಿನ ಚುನಾವಣೆಯ ಬಳಿಕ ಮತ್ತೆ ಪ್ರಧಾನಿ, ಜೊತೆಗೆ ವಿದೇಶಾಂಗ ಮಂತ್ರಿ. ಆಗ ಪಾರ್ಲಿಮೆಂಟಿಗೆ ಬಂದ ಮೊದಲ ಐವರು ಮಹಿಳೆಯರಲ್ಲಿ ಆಗ್ಡಾ ಓಸ್ಟ್‌ಲುಂಡ್ ಮತ್ತು ನೆಲ್ಲಿ ಥ್ಯೂರಿಂಗ್ ಅವನ ಪಕ್ಷದವರು. ಆಗ್ಡಾ ಬಟ್ಟೆ ಹೊಲಿದು ಬಾಳಿದ ಹೆಣ್ಣು. ಮುಷ್ಕರದ ಸಂದರ್ಭದಲ್ಲಿ ನಿರುದ್ಯೋಗಿಗಳಿಗೆ ನೆರವು ಕೊಡಬೇಕೇ ಎಂಬ ಪ್ರಶ್ನೆಯಲ್ಲಿ ಸೋತು 1923ರ ಏಪ್ರಿಲಿನಲ್ಲಿ ಈ ಸರಕಾರವೂ ಬಿದ್ದಿತು. ಶಾಸನಗಳ ಪಟ್ಟಿಯಿಂದ ಅಳೆದರೆ ಅವನ ಆಡಳಿತ ಬಡವೆಂದೇ ಹೇಳಬೇಕು. ಸ್ವೀಡನ್ನಿನ ಹೆಸರಾಂತ ಜನಹಿತದ ಏರ್ಪಾಟುಗಳು 1932ರ ಅನಂತರ, ಅವನ ಸಂಪುಟಗಳಲ್ಲಿ ರಕ್ಷಣಾಮಂತ್ರಿಯಾಗಿದ್ದ ಪೆರ್ ಆಲ್ಬಿನ್ ಹಾನ್ಸನ್ನನ ಕಾಲದಲ್ಲಿ ಬಂದವು.

ಸ್ವದೇಶದಲ್ಲಿ ಕಲಿತ ಪಾಠವನ್ನು ಬ್ರಾಂಟಿಂಗ್ ಜಿನೀವಾದಲ್ಲಿಯೂ ಒಪ್ಪಿಸಿದನು. ಬಾಲ್ಟಿಕ್ ಸಮುದ್ರದ ಓಲಾಂಡ್ ದ್ವೀಪಗಳ ಜನರು ಸ್ವೀಡಿಷ್ ಮಾತಾಡುವವರು, ಸ್ವೀಡನ್ನಿಗೆ ಸೇರಲು ಬಯಸಿದವರು. ವ್ಯಾಜ್ಯ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘದ ಮುಂದೆ ಬಂತು. ಸ್ವೀಡನ್ನಿನ ಪರವಾಗಿ ವಾದಿಸಿದವನು ಬ್ರಾಂಟಿಂಗ್. 1921ರ ಜೂನಿನಲ್ಲಿ ತೀರ್ಪು ಫಿನ್ಲೆಂಡಿನ ಕಡೆಗಾಯಿತು. ಅವನು ಅಸಮಾಧಾನವನ್ನು ಮುಚ್ಚಿಡಲಿಲ್ಲ, ತೀರ್ಪನ್ನು ಮೀರುವುದಿಲ್ಲವೆಂದೂ ಸಾರಿದನು. ಎಣಿಕೆ ತನಗೆ ಎದುರಾದಾಗಲೂ ಎಣಿಕೆಯನ್ನು ಒಪ್ಪುವುದು—ಇದು ಆಡಲು ಸುಲಭ. ಆ ವರ್ಷದ ನೊಬೆಲ್ ಶಾಂತಿ ಬಹುಮಾನವನ್ನು ಅವನಿಗೂ ನಾರ್ವೆಯ ಕ್ರಿಸ್ಟಿಯನ್ ಲಾಂಗೆಗೂ ಹಂಚಿ ಕೊಟ್ಟರು. ಹದಿನಾರು ವರ್ಷದ ಹಿಂದೆ ಯಾವ ದೇಶದ ಮೇಲೆ ಯುದ್ಧ ಬೇಡವೆಂದು ಬೈಸಿಕೊಂಡಿದ್ದನೋ ಆ ದೇಶದ ಸಮಿತಿಯೇ ಈ ಬಹುಮಾನವನ್ನು ಕೊಡುವುದು.

1923ರ ಆಗಸ್ಟಿನಲ್ಲಿ ಮುಸೊಲಿನಿಯ ನೌಕಾಪಡೆ ಗ್ರೀಸಿನ ಕಾರ್ಫು ದ್ವೀಪದ ಮೇಲೆ ಗುಂಡುಗರೆದು ಅದನ್ನು ಹಿಡಿಯಿತು. ಬ್ರಾಂಟಿಂಗ್ ಆಗ ಪ್ರಧಾನಿಯಲ್ಲ. ಬಲಪಂಥದ ತ್ರಿಗರ್ ಅಧಿಕಾರದಲ್ಲಿದ್ದನು. ಆದರೂ ರಾಷ್ಟ್ರಸಂಘದ ಮಂಡಲಿಯಲ್ಲಿ ಸ್ವೀಡನ್ನಿನ ಪ್ರತಿನಿಧಿ ಬ್ರಾಂಟಿಂಗನೇ. ಸಣ್ಣ ದೇಶಕ್ಕೆ ಸಂಘದ ಕಾನೂನು ರಕ್ಷಣೆ ಕೊಡದಿದ್ದರೆ ಸಂಘವೇಕೆಂದು ಅವನು ಎಲ್ಲರಿಗಿಂತ ಕಟುವಾಗಿ ಕೇಳಿದನು. ದೊಡ್ಡ ರಾಷ್ಟ್ರಗಳು ವ್ಯಾಜ್ಯವನ್ನು ಸಂಘದ ಕೈಯಿಂದ ರಾಯಭಾರಿಗಳ ಸಮಿತಿಗೆ ಸರಿಸಿ, ಗ್ರೀಸಿನಿಂದಲೇ 5 ಕೋಟಿ ಲಿರಾ ದಂಡ ಕಕ್ಕಿಸಿದವು. ಅವನು ಅಂದು ಕಂಡ ಬಿರುಕು ಮುಂದಿನ ಹದಿನೈದು ವರ್ಷಗಳಲ್ಲಿ ಎಷ್ಟು ಅಗಲವಾಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ.

1924ರ ಚುನಾವಣೆಯಲ್ಲಿ ಪಕ್ಷಕ್ಕೆ 104 ಸ್ಥಾನ ಬಂದು ಬ್ರಾಂಟಿಂಗ್ ಅಕ್ಟೋಬರಿನಲ್ಲಿ ಮೂರನೆಯ ಬಾರಿ ಸರಕಾರ ರಚಿಸಿದನು. ದೇಹ ಕೇಳಲಿಲ್ಲ. 1925ರ ಜನವರಿ 24ರಂದು ಪ್ರಧಾನಿಯ ಕೆಲಸವನ್ನು ರಿಕಾರ್ಡ್ ಸಾಂಡ್ಲರನಿಗೆ ಒಪ್ಪಿಸಿ, ಖಾತೆಯಿಲ್ಲದ ಮಂತ್ರಿಯಾಗಿ ಉಳಿದನು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 24ರಂದು, ತೀರಿಕೊಂಡನು. ಆನ್ನಾ ಅವನ ಬಳಿಕ ಇಪ್ಪತ್ತೈದು ವರ್ಷ ಬದುಕಿದ್ದಳು.

ಸ್ಟಾಕ್‌ಹೋಮಿನ ಆಡೋಲ್ಫ್ ಫ್ರೆಡ್ರಿಕ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯಿದೆ. 1986ರಲ್ಲಿ ಪಾಲ್ಮೆಯನ್ನೂ ಅಲ್ಲಿಯೇ ಮಣ್ಣುಮಾಡಿದರು. ಅಲ್ಲಿಂದ ಹೆಚ್ಚು ದೂರವಲ್ಲದ ನೊರ್ರಾ ಬಾಂಟೋರಿಯೆಟ್ ಚೌಕದಲ್ಲಿ ಕಾರ್ಲ್ ಎಲ್ಡ್ ಎಂಬ ಶಿಲ್ಪಿ ರಚಿಸಿದ ಸ್ಮಾರಕವನ್ನು 1952ರಲ್ಲಿ ಅನಾವರಣ ಮಾಡಿದರು. ಬಾವುಟಗಳ ನಡುವೆ, ಒತ್ತಾಗಿ ನೆರೆದ ಕೆಲಸಗಾರರ ಮುಂದೆ, ಬ್ರಾಂಟಿಂಗ್ ನಿಂತು ಮಾತಾಡುತ್ತಿದ್ದಾನೆ. ಅವನ ಮಸೂದೆಗಳನ್ನು ಬಾರಿಬಾರಿಗೆ ತಡೆದ ಮೇಲ್ಮನೆ 1970ರ ಕೊನೆಗೆ ರದ್ದಾಯಿತು.